ಅಳಿಸಿಹೋದ ದಿನದ ಲೆಕ್ಕ

ನನ್ನ ಮಗಳು ಡಿಗ್ರಿ ಓದುವ ಹುಡುಗಿ. ಅವಳಿಗೂ ನನಗೂ ಸಾಮಾನ್ಯವಾಗಿ ಜಗಳವಾಗುವುದು ಕಾಫಿ ಲೋಟ ತೊಳೆಯುವ ವಿಷಯಕ್ಕೆ. ಕಳೆದ ಬೇಸಗೆಯಲ್ಲಿ ಮಾತ್ರ ಅಮೆರಿಕದ ಟೆಲಿವಿಷನ್ ಧಾರಾವಾಹಿಯೊಂದರ ಒಂದೇ ಒಂದು ಕಂತಿಗಾಗಿ ನಾವಿಬ್ಬರೂ ಮೂರು ದಿನ ವಾದ ಮಾಡಿದೆವು. ಹಳಗನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವ ನನ್ನಂಥವನಿಗೆ, ಕೆಂಪು ಉಡುಪು ತೊಟ್ಟು ಮಿಂಚಿನಂತೆ ಓಡುವ ವೀರನ ಗೊಡವೆ ಏಕೆಂದು ಓದುಗರು ಕೇಳಬಹುದು. ಮೊದಲ ದಿನ ನಾನೂ ಹಾಗೆಯೇ ಕೇಳಿಕೊಂಡೆ.

ಧಾರಾವಾಹಿಯ ಹೆಸರು ‘ದಿ ಫ್ಲ್ಯಾಷ್’. 2014ರಿಂದ 2023ರವರೆಗೆ ಒಂಬತ್ತು ಸೀಸನ್‌ಗಳಲ್ಲಿ ನಡೆದು ಮುಗಿದ ಕಥೆ. ನಾನು ಹೇಳುವ ಕಂತು 2015ರ ಮಾರ್ಚ್ 17ರಂದು ಪ್ರಸಾರವಾದ ‘ಔಟ್ ಆಫ್ ಟೈಮ್’. ಕಥಾನಾಯಕ ಬ್ಯಾರಿ ಆಲನ್‌ನ ಆಪ್ತಮಿತ್ರ ಸಿಸ್ಕೊ ಒಂದು ರಹಸ್ಯವನ್ನು ಪತ್ತೆಹಚ್ಚಿದ ತಪ್ಪಿಗೆ, ತಾನು ಗುರುವೆಂದು ನಂಬಿದವನ ಕೈಯಿಂದಲೇ ಸಾಯುತ್ತಾನೆ. ಇತ್ತ ಊರನ್ನು ನುಂಗಲು ಸುನಾಮಿಯ ಅಲೆಯೊಂದು ಏಳುತ್ತದೆ. ಅದನ್ನು ತಡೆಯಲು ಬ್ಯಾರಿ ದಡದುದ್ದಕ್ಕೂ ಅತ್ತಿಂದಿತ್ತ ಓಡುತ್ತಾನೆ. ಓಟದ ವೇಗಕ್ಕೆ ಕಾಲವೇ ಬಿರಿದು, ಅವನು ಒಂದು ದಿನ ಹಿಂದಕ್ಕೆ ಹೋಗಿ ಬೀಳುತ್ತಾನೆ. ಅಲೆಯಿಲ್ಲ, ಸಾವಿಲ್ಲ, ನಿನ್ನೆಯ ಬೀದಿಯಲ್ಲಿ ನಿನ್ನೆಯ ಜನ ನಡೆದಾಡುತ್ತಿದ್ದಾರೆ. ಮುಂದಿನ ವಾರದ ಕಂತಿನಲ್ಲಿ ಸಿಸ್ಕೊ ನಗುನಗುತ್ತ ಓಡಾಡುತ್ತಾನೆ.

ನೋಡಿದವರ ಅಭಿಪ್ರಾಯ ಎರಡಾಗಿ ಒಡೆಯಿತು. ಇಂಥ ಕಂತನ್ನು ತಾವು ಕಂಡೇ ಇಲ್ಲವೆಂದು ಕೆಲವರು ಕೊಂಡಾಡಿದರು. ಸತ್ತವನನ್ನು ವಾರದೊಳಗೆ ಎಬ್ಬಿಸಿ ಕೂರಿಸುವುದಾದರೆ ನಮ್ಮ ಕಣ್ಣೀರನ್ನು ಏಕೆ ಹಾಳುಮಾಡಿದಿರಿ ಎಂದು ಉಳಿದವರು ಮುನಿದರು. ನಮ್ಮ ಮನೆಯಲ್ಲೂ ಹಾಗೆಯೇ ಆಯಿತು. ನಾನು ಮೊದಲನೆಯ ಪಕ್ಷ, ಮಗಳು ಎರಡನೆಯದು. “ಇದು ಮೋಸ ಅಪ್ಪ. ಪರೀಕ್ಷೆಯಲ್ಲಿ ತಪ್ಪು ಬರೆದವನಿಗೆ ಹೊಸ ಉತ್ತರಪತ್ರಿಕೆ ಕೊಟ್ಟ ಹಾಗೆ” ಎಂದಳು. ಮೇಷ್ಟ್ರ ಮಗಳಲ್ಲವೆ, ಉಪಮೆಗೂ ಉತ್ತರಪತ್ರಿಕೆಯೇ ಒದಗುತ್ತದೆ!

ಈ ವಾದ ನಮ್ಮ ಹಜಾರದಲ್ಲಿ ಹುಟ್ಟಿದ್ದಲ್ಲವೆಂಬುದು ಪುಸ್ತಕಗಳನ್ನು ತಿರುವಿದಾಗ ತಿಳಿಯಿತು. ಎಚ್. ಜಿ. ವೆಲ್ಸ್ 1895ರಲ್ಲಿ ‘ದಿ ಟೈಮ್ ಮೆಷಿನ್’ ಪ್ರಕಟಿಸಿದಾಗ ಅವನ ಪ್ರಯಾಣಿಕ ಹೋದದ್ದು ಮುಂದಿನ ಯುಗಗಳಿಗೆ. ನಮ್ಮ ಭಾಗವತದ ರೈವತ ರಾಜನೂ ಅಂಥ ಪ್ರಯಾಣಿಕನೇ. ಮಗಳಿಗೆ ವರನನ್ನು ಕೇಳಲು ಬ್ರಹ್ಮಲೋಕಕ್ಕೆ ಹೋಗಿ, ಗಾನ ಮುಗಿಯಲೆಂದು ಒಂದು ಗಳಿಗೆ ಕಾದು ನಿಲ್ಲುವಷ್ಟರಲ್ಲಿ ಭೂಮಿಯ ಮೇಲೆ ಇಪ್ಪತ್ತೇಳು ಚತುರ್ಯುಗಗಳು ಕಳೆದುಹೋಗಿದ್ದವು. ಆ ಕಥೆಯಲ್ಲಿ ಹಿಂದಕ್ಕೆ ಬರುವ ದಾರಿಯಿಲ್ಲ; ಹೋದದ್ದು ಹೋಯಿತು. ತಂಟೆಯೆಲ್ಲ ಇರುವುದು ಹಿಂದಕ್ಕೆ ಹೋಗುವುದರಲ್ಲಿ.

1926ರಲ್ಲಿ ಹ್ಯೂಗೊ ಗರ್ನ್ಸ್‌ಬ್ಯಾಕ್ ಎಂಬ ಸಂಪಾದಕ ಅಮೆರಿಕದಲ್ಲಿ ‘ಅಮೇಜಿಂಗ್ ಸ್ಟೋರೀಸ್’ ಎಂಬ ವಿಜ್ಞಾನಕಥೆಗಳ ಪತ್ರಿಕೆಯನ್ನು ಆರಂಭಿಸಿದ. ಓದುಗರ ಪತ್ರಗಳನ್ನು ಅವರವರ ವಿಳಾಸದೊಡನೆ ಅಚ್ಚು ಹಾಕುವುದು ಅಲ್ಲಿಯ ಪದ್ಧತಿ. ಹಿಂದಕ್ಕೆ ಹೋದವನು ತನ್ನ ಪೂರ್ವಿಕನನ್ನೇ ಕೊಂದರೆ ಅವನು ಹುಟ್ಟುವುದೆಂತು, ಹುಟ್ಟದವನು ಕೊಲ್ಲುವುದೆಂತು ಎಂಬ ತರ್ಕ ಅಂಥ ಪತ್ರಿಕೆಗಳ ಓದುಗರ ನಡುವೆ ಅಂದೇ ಬೆಳೆಯಿತು. ವಿಳಾಸ ಸಿಕ್ಕಿದ ಮೇಲೆ ಓದುಗರು ಸಂಪಾದಕನನ್ನು ದಾಟಿ ಒಬ್ಬರಿಗೊಬ್ಬರು ಬರೆಯತೊಡಗಿದರು. ಹೀಗೆ ಬೆಳೆದ ಹುಡುಗರಲ್ಲಿ ಜೂಲಿಯಸ್ ಶ್ವಾರ್ಟ್ಸ್ ಒಬ್ಬ. 1932ರಲ್ಲಿ, ಇನ್ನೂ ಹದಿಹರೆಯದಲ್ಲಿ, ಅವನು ಗೆಳೆಯರೊಡನೆ ಸೇರಿ ಹೊರಡಿಸಿದ ಪುಟ್ಟ ಪತ್ರಿಕೆಯ ಹೆಸರೇ ‘ದಿ ಟೈಮ್ ಟ್ರಾವೆಲರ್’, ಎಂದರೆ ಕಾಲಯಾತ್ರಿ.

ಈ ಶ್ವಾರ್ಟ್ಸನೇ ಮುಂದೆ ಡಿಸಿ ಕಾಮಿಕ್ಸ್ ಸಂಸ್ಥೆಯಲ್ಲಿ ಸಂಪಾದಕನಾದ. 1940ರ ಹಳೆಯ ಫ್ಲ್ಯಾಷ್ ವೀರನ ಹೆಸರು ಜೇ ಗ್ಯಾರಿಕ್. 1956ರಲ್ಲಿ ಶ್ವಾರ್ಟ್ಸನ ಬಳಗ ಆ ಹೆಸರನ್ನು ಉಳಿಸಿಕೊಂಡು ಬ್ಯಾರಿ ಆಲನ್ ಎಂಬ ಹೊಸ ವೀರನನ್ನು ರೂಪಿಸಿತು. ಹಾಗಾದರೆ ಹಳಬನು ಎಲ್ಲಿ ಹೋದ? 1961ರ ಸಂಚಿಕೆಯೊಂದರಲ್ಲಿ ಇದಕ್ಕೆ ಉತ್ತರ ಬಂದಿತು: ಇಬ್ಬರೂ ಇದ್ದಾರೆ, ಎರಡು ಬೇರೆ ಬೇರೆ ಭೂಮಿಗಳ ಮೇಲೆ. ಅದೇ ವರ್ಷ ಬ್ಯಾರಿಗೆ ಕಾಲದಲ್ಲಿ ಹಿಂದುಮುಂದಾಗಿ ಓಡಲು ಒಂದು ಯಂತ್ರವೂ ಸಿಕ್ಕಿತು. ಶ್ವಾರ್ಟ್ಸ್ ತಾನು ಹುಡುಗನಾಗಿ ಕಂಡ ಪದ್ಧತಿಯನ್ನು ಮರೆಯದೆ, ಓದುಗರ ಪತ್ರಗಳನ್ನು ವಿಳಾಸದೊಡನೆ ಪ್ರಕಟಿಸಿದ. ಅಂಥ ಓದುಗರಲ್ಲಿ ಜೆರ್ರಿ ಬೇಲ್ಸ್ ಎಂಬಾತ ಡೆಟ್ರಾಯಿಟ್‌ನ ಅಧ್ಯಾಪಕ. ಅವನು ರಾಯ್ ಥಾಮಸ್ ಎಂಬ ತರುಣನ ಜೊತೆಗೂಡಿ 1961ರಲ್ಲೇ ‘ಆಲ್ಟರ್ ಈಗೊ’ ಎಂಬ ಅಭಿಮಾನಿಗಳ ಪತ್ರಿಕೆಯನ್ನು ಹೊರಡಿಸಿದ. ಚಿತ್ರಕಥೆಗಳ ವಿಚಾರದಲ್ಲಿ ತಲೆ ಕೆಡಿಸಿಕೊಂಡ ಮೇಷ್ಟರು ನನಗಿಂತ ಮುಂಚೆಯೂ ಇದ್ದರೆಂದು ತಿಳಿದು ನನಗೆ ಎಷ್ಟೋ ಸಮಾಧಾನವಾಯಿತು.

ಇದರಿಂದ ಒಂದು ಮಾತು ಸ್ಪಷ್ಟ. ಈ ಕಥೆಗಳನ್ನು ಓದುವವರೂ ನೋಡುವವರೂ ಬರಿಯ ಚಪ್ಪಾಳೆ ತಟ್ಟುವವರಾಗಿ ಎಂದೂ ಇರಲಿಲ್ಲ. ಅವರು ಲೆಕ್ಕ ಕೇಳುವವರು. ಮಿಂಚಿನ ವೇಗದಲ್ಲಿ ಓಡುವವನನ್ನು ಅವರು ಮರುಮಾತಿಲ್ಲದೆ ಒಪ್ಪುತ್ತಾರೆ. ಓಡಿದ್ದರ ಫಲವನ್ನು ಕಥೆಗಾರ ಮರೆತರೆ ಮಾತ್ರ ಒಪ್ಪುವುದಿಲ್ಲ. 1978ರ ‘ಸೂಪರ್‌ಮ್ಯಾನ್’ ಚಲನಚಿತ್ರದಲ್ಲಿ ನಾಯಕನು ಭೂಮಿಯನ್ನು ಸುತ್ತಿ ಸುತ್ತಿ ಹಾರಿ, ಕಾಲವನ್ನು ಹಿಂದಕ್ಕೆ ತಿರುಗಿಸಿ, ಸತ್ತ ಪ್ರೇಯಸಿಯನ್ನು ಬದುಕಿಸುತ್ತಾನೆ. ಮನುಷ್ಯರ ಇತಿಹಾಸದಲ್ಲಿ ಕೈಯಾಡಿಸಬೇಡವೆಂದು ತಂದೆ ಹಾಕಿದ ಕಟ್ಟಳೆಯನ್ನು ಅವನು ಮೀರಿದ. ಅದಕ್ಕೆ ತೆತ್ತ ದಂಡವೇನು? ಚಿತ್ರ ಹೇಳುವುದಿಲ್ಲ. ಅದನ್ನು ಕುರಿತ ಗೊಣಗಾಟ ಇಂದಿಗೂ ನಿಂತಿಲ್ಲ.

‘ಫ್ಲ್ಯಾಷ್’ ಧಾರಾವಾಹಿಯವರು ಈ ಲೆಕ್ಕವನ್ನು ಕೊಡಲು ಒಮ್ಮೆ ಯತ್ನಿಸಿದರು. ಬ್ಯಾರಿಯ ತಾಯಿ ನೋರಾ, ಅವನು ಹುಡುಗನಾಗಿದ್ದಾಗ ಕೊಲೆಯಾದವಳು. ಎರಡನೆಯ ಸೀಸನ್ನಿನ ಕೊನೆಗೆ, 2016ರ ಮೇ ತಿಂಗಳಲ್ಲಿ, ಅವನು ಹಿಂದಕ್ಕೆ ಓಡಿ ತಾಯಿಯನ್ನು ಉಳಿಸಿಯೇ ಬಿಟ್ಟ. 2011ರ ‘ಫ್ಲ್ಯಾಷ್‌ಪಾಯಿಂಟ್’ ಕಾಮಿಕ್ಸ್ ಓದಿದ್ದವರು ಹೊಸ ಲೋಕವೊಂದು ತಿಂಗಳುಗಟ್ಟಲೆ ನಡೆಯುವುದೆಂದು ಕಾದರು. ಆದರೆ ಅಕ್ಟೋಬರ್ 4ರಂದು ಬಂದ ಒಂದೇ ಕಂತಿನಲ್ಲಿ ಅದು ಮುಗಿಯಿತು. ನೆನಪುಗಳು ಒಂದೊಂದಾಗಿ ಅಳಿಸಿಹೋಗತೊಡಗಲು, ಬ್ಯಾರಿ ತಾನು ಕಟ್ಟಿದ ಲೋಕವನ್ನು ತಾನೇ ಕೆಡವಿದ. ಇಷ್ಟೇ ಆದರೆ ಅಷ್ಟು ದೊಡ್ಡ ಹೆಸರೇಕೆ ಎಂದು ಅನೇಕರು ಸಿಡುಕಿದರು.

ನಿಜವಾದ ಪೆಟ್ಟು ಬಿದ್ದದ್ದು ಮರುವಾರದ ಕಂತಿನಲ್ಲಿ. ಎಲ್ಲವೂ ಮೊದಲಿನಂತಾಯಿತೆಂದು ಬ್ಯಾರಿ ಮರಳಿ ಬಂದರೆ, ಸಿಸ್ಕೊನ ಅಣ್ಣ ಸತ್ತಿದ್ದಾನೆ. ಗೆಳೆಯ ಡಿಗಲ್‌ನ ಮನೆಯಲ್ಲಿ ಸಾರಾ ಎಂಬ ಹೆಣ್ಣುಮಗು ಇತ್ತು. ಈಗ ಅಲ್ಲಿ ಜಾನ್ ಎಂಬ ಗಂಡುಮಗುವಿದೆ. ಸಾರಾ ಸತ್ತಳೆಂದಲ್ಲ, ಹುಟ್ಟಲೇ ಇಲ್ಲ. ಹೆತ್ತವರಿಗೆ ಅವಳ ನೆನಪೂ ಇಲ್ಲ. ಡಿಗಲ್ ಮೂಲತಃ ‘ಆ್ಯರೋ’ ಎಂಬ ಇನ್ನೊಂದು ಧಾರಾವಾಹಿಯ ಪಾತ್ರ. ಅದನ್ನು ನೋಡುತ್ತಿದ್ದವರಿಗೆ ಬಂದ ಸಿಟ್ಟು ನ್ಯಾಯವಾದುದೇ: ತನ್ನ ತಾಯಿಗಾಗಿ ಇನ್ನೊಬ್ಬರ ಮಗುವನ್ನು ಅಳಿಸಲು ಇವನಾರು? ಅದೇ ಕಂತಿನಲ್ಲಿ ಹಳೆಯ ಜೇ ಗ್ಯಾರಿಕ್ ಬ್ಯಾರಿಯನ್ನು 1998ರ ಒಂದು ಹೋಟೆಲಿಗೆ ಕರೆದೊಯ್ದು, ಒಡೆದ ಕಾಫಿ ಕಪ್ಪನ್ನು ತೋರಿಸಿ, ಅಂಟಿಸಿದರೂ ಅದು ಮೊದಲಿನ ಕಪ್ಪಾಗದೆಂದು ಬುದ್ಧಿ ಹೇಳುತ್ತಾನೆ. ಜೇ ಪಾತ್ರ ವಹಿಸಿದ ಜಾನ್ ವೆಸ್ಲಿ ಶಿಪ್ 1990ರ ಹಳೆಯ ಧಾರಾವಾಹಿಯಲ್ಲಿ ತಾನೇ ಫ್ಲ್ಯಾಷ್ ಆಗಿದ್ದವನು. ಆ ಮಾತಿಗೆ ಅದರಿಂದ ಒಂದು ತೂಕ ಬಂದಿತು.

ಈ ಕಂತನ್ನು ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮ ತಾಯಿ ತೀರಿಕೊಂಡಾಗ ನನಗೆ ಇಪ್ಪತ್ತೈದು ವರ್ಷ. ಮೌಲ್ಯಮಾಪನದ ಕೆಲಸಕ್ಕೆಂದು ಪರಊರಿಗೆ ಹೋಗಿದ್ದೆ. ಅಮ್ಮನಿಗೆ ಹುಷಾರಿಲ್ಲವೆಂದು ಸಂಜೆ ಫೋನು ಬಂದಿತು. ಉಳಿದದ್ದು ಒಂದು ಕಟ್ಟು ಪತ್ರಿಕೆ. ಮುಗಿಸಿ ಬೆಳಗಿನ ಬಸ್ಸಿಗೆ ಹೊರಡೋಣವೆಂದುಕೊಂಡೆ. ನಾನು ಮನೆ ಮುಟ್ಟುವಾಗ ಅಂಗಳದಲ್ಲಿ ಜನ ನಿಂತಿದ್ದರು. ಸಿಸ್ಕೊ ಎದ್ದು ಬಂದಾಗ ನಾನೇಕೆ ಅಷ್ಟು ಹಿಗ್ಗಿದೆನೆಂದು ಓದುಗರು ಈಗ ಊಹಿಸಬಹುದು. ಆ ಸಂಜೆಗೆ ಹಿಂದಿರುಗಿ ರಾತ್ರಿ ಬಸ್ಸನ್ನು ಎಷ್ಟು ಸಲ ಹತ್ತಿದ್ದೇನೆಯೋ, ಲೆಕ್ಕವಿಲ್ಲ.

ಸಾವಾದ ಮನೆಯಲ್ಲಿ ವರ್ಷದೊಳಗೆ ಒಂದು ಮದುವೆ ನಡೆಯಬೇಕೆಂದು ನಮ್ಮ ಕಡೆಯ ಹಿರಿಯರ ಮಾತು. ಹಾಗಾಗಿ, ಇನ್ನೂ ನಾಲ್ಕು ವರ್ಷ ಮದುವೆ ಬೇಡವೆಂದು ಹಠ ಹಿಡಿದಿದ್ದ ನನಗೆ ಸೋದರಮಾವನೇ ಹೆಣ್ಣು ನೋಡಿ ಗೊತ್ತುಮಾಡಿದ. ಅಮ್ಮ ಉಳಿದಿದ್ದರೆ ಆ ಮದುವೆಯಿಲ್ಲ. ಆ ಮದುವೆಯಿಲ್ಲದಿದ್ದರೆ, ಉತ್ತರಪತ್ರಿಕೆಯ ಉಪಮೆ ಹೇಳಿ ನನ್ನನ್ನು ಸೋಲಿಸಿದ ಈ ಹುಡುಗಿಯೂ ಇಲ್ಲ. ಇಪ್ಪತ್ತು ವರ್ಷ ನಾನು ಹತ್ತಿದ ಆ ಬಸ್ಸು ಯಾರನ್ನು ಅಳಿಸಿಕೊಂಡು ಹೋಗುತ್ತಿತ್ತೆಂದು ನನಗೆ ಹೊಳೆದೇ ಇರಲಿಲ್ಲ.

ಬೆಳಿಗ್ಗೆ ಮಗಳು ಕೇಳಿದಳು: “ಅಪ್ಪ, ನೀನಾಗಿದ್ದರೆ ಓಡುತ್ತಿದ್ದೆಯಾ?” ಅಜ್ಜಿಯ ಕಥೆ ಅವಳಿಗೆ ಗೊತ್ತು.

ನಾನು ಹಿಂದಿನ ಒಂದು ಕಂತನ್ನು ನೆನಪಿಸಿದೆ: 2015ರ ಮೇ 19ರಂದು ಬಂದ ‘ಫಾಸ್ಟ್ ಎನಫ್’. ಅಲ್ಲಿ ಬ್ಯಾರಿ ಮೊದಲ ಸಲ ಆ ಕೊಲೆಯ ರಾತ್ರಿಗೆ ಹೋಗುತ್ತಾನೆ. ಭವಿಷ್ಯದಿಂದ ಬಂದ ಇನ್ನೊಬ್ಬ ಬ್ಯಾರಿ ಬೇಡವೆಂದು ಕೈಸನ್ನೆ ಮಾಡುತ್ತಾನೆ. ಬ್ಯಾರಿ ಬಾಗಿಲ ಹಿಂದೆ ನಿಂತೇ ಇರುತ್ತಾನೆ. ಕೊಲೆಗಾರ ಹೋದ ಮೇಲೆ ತಾಯಿಯ ಬಳಿ ಕುಳಿತು, ಮುಖವಾಡ ತೆಗೆದು, ತಾನು ಅವಳ ಮಗನೆಂದು ಹೇಳಿ, ತಾನೂ ತಂದೆಯೂ ಚೆನ್ನಾಗಿದ್ದೇವೆಂದು ತಿಳಿಸುತ್ತಾನೆ. ಅವಳು ಅವನ ಎದುರಿನಲ್ಲೇ ಕಣ್ಣು ಮುಚ್ಚುತ್ತಾಳೆ. ಇಷ್ಟು ದೂರ ಓಡಿ ಬಂದವನು ಉಳಿಸದೆ ಹೋದನಲ್ಲ ಎಂದು ಆಗಲೂ ಕೆಲವರು ಆಕ್ಷೇಪಿಸಿದ್ದುಂಟು.

“ಅಷ್ಟು ಸಿಕ್ಕರೆ ಸಾಕು. ಹೋಗಿ ಪಕ್ಕದಲ್ಲಿ ಕೂತು ಬರುತ್ತಿದ್ದೆ” ಎಂದೆ.

ಮಗಳು ಏನೂ ಹೇಳಲಿಲ್ಲ. ಅಂದು ಕಾಫಿ ಲೋಟಗಳನ್ನು ಅವಳೇ ತೊಳೆದಿಟ್ಟಳು.