ತಿಪಟೂರು ಸೀಮೆಯ ಗಡಿಕೋಟೆಗಳೂ ಹೆಬ್ಬಾಗಿಲುಗಳೂ

ತುಮಕೂರು ಜಿಲ್ಲೆಯ ಪಶ್ಚಿಮ ಭಾಗದಲ್ಲಿ, ಕಿಬ್ಬನಹಳ್ಳಿಯನ್ನು ನಡುವಿಟ್ಟುಕೊಂಡು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸುತ್ತ ಹಬ್ಬಿರುವ ತೆಂಗಿನ ನಾಡಿನಲ್ಲಿ, ಪಾಳೆಯಗಾರರ ಕಾಲದಿಂದ ಹದಿನೆಂಟನೆಯ ಶತಮಾನದ ಅಂತ್ಯದವರೆಗೆ ಪೇಟೆಗಳ ರಕ್ಷಣೆಗಾಗಿ ನಿಂತಿದ್ದ ಕೋಟೆಗಳು ಬಹುಮಟ್ಟಿಗೆ ಮಣ್ಣಿನವು. ಚಿತ್ರದುರ್ಗದ ಏಳುಸುತ್ತಿನ ಕಲ್ಲುಕೋಟೆಯನ್ನು ಕಂಡು ಬೆರಗಾದ ಕಣ್ಣಿಗೆ ಇವು ಅಲ್ಪವೆಂದು ತೋರಬಹುದಾದರೂ, ದುರ್ಗದ ಗೋಡೆ ಮುಖ್ಯವಾಗಿ ನಾಯಕನ ಸಿಂಹಾಸನವನ್ನು ಕಾಯುತ್ತಿದ್ದಿತು, ಇಲ್ಲಿಯ ಗೋಡೆ ನೇಕಾರನ ಮಗ್ಗವನ್ನೂ ವರ್ತಕನ ಮಳಿಗೆಯನ್ನೂ ರೈತನ ಹಗೇವನ್ನೂ ಕಾಯುತ್ತಿದ್ದಿತು ಎಂಬುದನ್ನು ನೆನೆದರೆ, ಇವುಗಳ ಚರಿತ್ರೆ ಅದಕ್ಕಿಂತ ಕಡಿಮೆ ಆದರಕ್ಕೆ ಪಾತ್ರವಾದುದೆಂದು ಹೇಳಲಾಗದು.

ಕಿಬ್ಬನಹಳ್ಳಿಯ ಬಳಿ ಎರಡು ದೊಡ್ಡ ದಾರಿಗಳು ಒಂದನ್ನೊಂದು ಹಾಯುತ್ತವೆ. ಪೂರ್ವದಿಂದ ಪಶ್ಚಿಮಕ್ಕೆ ಹೋಗುವುದು ತುಮಕೂರು, ಗುಬ್ಬಿಗಳಿಂದ ತಿಪಟೂರು, ಅರಸೀಕೆರೆಗಳ ಕಡೆಗೆ ನಡೆದರೆ, ದಕ್ಷಿಣೋತ್ತರವಾದುದು ಶ್ರೀರಂಗಪಟ್ಟಣ, ನಾಗಮಂಗಲ, ತುರುವೇಕೆರೆಗಳನ್ನು ದಾಟಿ ಬಂದು ಚಿಕ್ಕನಾಯಕನಹಳ್ಳಿ, ಹುಳಿಯಾರುಗಳ ಮೂಲಕ ಬಯಲುಸೀಮೆಗೆ ಇಳಿಯುತ್ತದೆ. ಪೂರ್ವ ಶಿಲಾಯುಗದ ಮನುಷ್ಯನು ಬಿಟ್ಟುಹೋದ ಕಲ್ಲಿನ ಆಯುಧಗಳು ಕಿಬ್ಬನಹಳ್ಳಿಯಲ್ಲಿ ದೊರೆತಿರುವುದನ್ನು ನೋಡಿದರೆ, ಈ ನೆಲದ ಮೇಲಣ ಸಂಚಾರ ಎಷ್ಟು ಪುರಾತನವೆಂಬುದು ಮನವರಿಕೆಯಾಗುತ್ತದೆ. ವಿಜಯನಗರದ ಪ್ರಭುತ್ವ ಶಿಥಿಲವಾದ ಬಳಿಕ ದಕ್ಷಿಣದಿಂದ ಮೈಸೂರಿನ ಒಡೆಯರೂ ಉತ್ತರದಿಂದ ಚಿತ್ರದುರ್ಗದ ನಾಯಕರೂ ಒತ್ತಿಬಂದರು. ಈಶಾನ್ಯದ ಸಿರಾ ಪಟ್ಟಣವನ್ನು 1638ರ ಸುಮಾರಿನಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾಖಾನನು ಗೆದ್ದನು, 1687ರಲ್ಲಿ ಅದು ಮೊಗಲರ ಸುಬಾದ ರಾಜಧಾನಿಯಾಯಿತು. ಹೀಗೆ ಎಲ್ಲರ ಅಂಚೂ ಕೂಡುವ ಸ್ಥಳವಾಗಿ, ಯಾರ ನಡುನಾಡೂ ಆಗದೆ ಉಳಿದ ಈ ಸೀಮೆಯಲ್ಲಿ ಗೋಡೆಯಿಲ್ಲದ ಪೇಟೆ ಬಾಳುವಂತಿರಲಿಲ್ಲ.

ಈ ಕೋಟೆಗಳಲ್ಲಿ ಮುಖ್ಯವಾದವನ್ನು ಕಟ್ಟಿಸಿದವರು ಹಾಗಲವಾಡಿಯ ನಾಯಕರು. ಎರಿಮಾದ ನಾಯಕನು ಸ್ಥಾಪಿಸಿದ ಈ ಮನೆತನದ ಮೂಲಸ್ಥಾನ ಇಂದಿನ ಗುಬ್ಬಿ ತಾಲ್ಲೂಕಿನಲ್ಲಿರುವ ಹಾಗಲವಾಡಿ. ತುರುವೇಕೆರೆಯು ಅವರಿಗಿಂತ ಹಳೆಯ ಊರು; ಹೊಯ್ಸಳ ಮೂರನೆಯ ನರಸಿಂಹನ ಕಾಲಕ್ಕೇ ಅಗ್ರಹಾರವಾಗಿ, ಚೆನ್ನಕೇಶವ ಮತ್ತು ಮೂಲೆ ಶಂಕರೇಶ್ವರ ದೇವಾಲಯಗಳಿಂದ ಶೋಭಿಸುತ್ತಿದ್ದ ಅದಕ್ಕೆ ನಾಯಕರು ಕೋಟೆಯ ಕವಚವನ್ನು ತೊಡಿಸಿದರು. ಅಲ್ಲಿಯ ಗಂಗಾಧರೇಶ್ವರನ ಎದುರಿನ ಬೃಹತ್ ನಂದಿಯ ನುಣುಪನ್ನು ಕಂಡವರು ಆ ಕರಿಯ ಕಲ್ಲನ್ನು ಮರೆಯಲಾರರು. ಸಮೀಪದ ಕರೆಕಲ್ಲುಗುಡ್ಡದಲ್ಲಿ ಇಂಥ ಶಿಲೆ ಹೇರಳವಾಗಿದ್ದು, ಶ್ರೀರಂಗಪಟ್ಟಣದಲ್ಲಿ ಹೈದರಾಲಿಯ ಸಮಾಧಿಯ ಹೊಳೆಯುವ ಕಂಬಗಳು ಈ ಗುಡ್ಡದಿಂದ ಹೋದವು. ಇಂಥ ಕಲ್ಲು ಕೈಗೆಟಕುವಂತಿದ್ದರೂ ಕೋಟೆಗೆ ಮಣ್ಣನ್ನೇ ಆರಿಸಿಕೊಂಡದ್ದು ಬಡತನದಿಂದಲ್ಲ, ವಿವೇಕದಿಂದ ಎಂಬುದು ಮುಂದೆ ತಿಳಿಯುವುದು.

ಚಿಕ್ಕನಾಯಕನಹಳ್ಳಿಯ ಹೆಸರಿನಲ್ಲಿಯೇ ಅದೇ ಮನೆತನದ ಚಿಕ್ಕನಾಯಕನಿದ್ದಾನೆ. ಟಿಪ್ಪುವಿನ ಪತನಾನಂತರ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಈ ನಾಡನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಈ ಊರನ್ನು ಕಣ್ಣಾರೆ ಕಂಡು ಬರೆದಿಟ್ಟಿರುವುದರಿಂದ, ಗಡಿಪೇಟೆಯೊಂದರ ವಿನ್ಯಾಸವನ್ನು ನಾವು ಸ್ಪಷ್ಟವಾಗಿ ಊಹಿಸಿಕೊಳ್ಳಬಹುದು. ಊರು ಚಚ್ಚೌಕವಾಗಿದ್ದು, ದೃಢವಾದ ಮಣ್ಣುಗೋಡೆಯಿಂದ ಸುತ್ತುವರಿದು, ಮೂಲೆಮೂಲೆಯಲ್ಲಿ ಎತ್ತರವಾದ ಕೊತ್ತಳಗಳನ್ನು ಹೊಂದಿದ್ದಿತು. ನಟ್ಟನಡುವೆ ಅದೇ ರೀತಿಯ ಇನ್ನೊಂದು ಒಳಕೋಟೆ. ಎರಡಕ್ಕೂ ನಡುವೆ ಅಗಲವಾದ ಬೀದಿಯೊಂದು ಊರನ್ನೆಲ್ಲ ಬಳಸಿ ಬಂದು, ಎಡಬಲಗಳಲ್ಲಿ ಹೊರಗೋಡೆಗೂ ಒಳಗೋಡೆಗೂ ಚಿಕ್ಕ ಚಿಕ್ಕ ಓಣಿಗಳನ್ನು ಚಾಚಿದ್ದಿತು. ಈ ಏರ್ಪಾಡಿನ ಜಾಣ್ಮೆ ಮೆಚ್ಚತಕ್ಕದ್ದು. ಶಾಂತಿಕಾಲದಲ್ಲಿ ಸಂತೆಗೂ ತೇರಿಗೂ ಒದಗುವ ಬೀದಿಯೇ, ಕಹಳೆ ಕೂಗಿದ ಗಳಿಗೆಯಲ್ಲಿ ಗೋಡೆಯ ಯಾವ ಭಾಗಕ್ಕಾದರೂ ಬಂಟರು ಓಡಿಬರುವ ದಾರಿಯಾಗುತ್ತಿದ್ದಿತು.

ಮಣ್ಣುಗೋಡೆಯ ಗುಣವನ್ನು ಅರಿಯದವರೇ ಅದನ್ನು ಹಳಿಯುವರು. ಊರಸುತ್ತ ಅಗಳು ತೋಡಿದಾಗ ಬಂದ ಕೆಂಪು ಜೇಡಿಯನ್ನೇ ನೀರೆರೆದು, ತುಳಿದು, ಹದಗೊಳಿಸಿ, ವರಸೆಯ ಮೇಲೆ ವರಸೆಯಾಗಿ ಇಟ್ಟು ಒಣಗಿಸುತ್ತ ಬಂದರೆ ಕಂದಕವೂ ಕೋಟೆಯೂ ಒಟ್ಟಿಗೆ ಸಿದ್ಧವಾಗುವುವು. ಫಿರಂಗಿಯ ಗುಂಡು ತಗುಲಿದ ಕಲ್ಲು ಸಿಡಿದು ಬಿರಿಯುವುದು. ಮಣ್ಣು ಗುಂಡನ್ನು ನುಂಗಿಕೊಳ್ಳುವುದು. ಮಳೆ ಮಿತವಾದ ಈ ಸೀಮೆಯಲ್ಲಿ ವರ್ಷಕ್ಕೊಮ್ಮೆ ಮೆತ್ತಿದರೆ ಸಾಕು, ಗೋಡೆ ತಲೆಮಾರುಗಳವರೆಗೆ ನಿಲ್ಲುವುದು.

ಬಾಗಿಲಿಗೆ ಮಾತ್ರ ಕಲ್ಲೂ ಮರವೂ ಬೇಕು. ಇಂಥ ಕೋಟೆಗಳ ಹೆಬ್ಬಾಗಿಲಿಗೆ ನೆಟ್ಟನೆಯ ದಾರಿಯಿರದು. ಹೊರಬಾಗಿಲನ್ನು ಹೊಕ್ಕವನು ಪಕ್ಕಕ್ಕೆ ತಿರುಗಿಯೇ ಒಳಬಾಗಿಲನ್ನು ಸೇರಬೇಕು, ಆ ತಿರುವಿನಲ್ಲಿ ಮೇಲಿನ ಕಿಂಡಿಗಳಿಗೆ ಅವನ ಮೈ ಒಡ್ಡಿಕೊಳ್ಳುವುದು. ಅಗುಳಿ ಹಾಕಿದ ಮೇಲೆ ತಡವಾಗಿ ಬಂದ ಊರವನಿಗೆ ದಿಡ್ಡಿಬಾಗಿಲೇ ಗತಿ. ಬಾಗಿಲ ಬಳಿ ಆಂಜನೇಯನ ಗುಡಿ, ಸುಂಕದ ಕಟ್ಟೆ, ಕಾವಲಿನ ತಳವಾರ. ಹೇರೆತ್ತುಗಳ ಮೇಲೆ ಹೋಗುವ ಕೊಬ್ಬರಿ, ಅಡಕೆ, ಕಂಬಳಿಗಳೆಲ್ಲ ಇಲ್ಲಿ ನಿಂತು ಲೆಕ್ಕ ಕೊಟ್ಟೇ ಮುಂದುವರಿಯಬೇಕು. ಗಡಿನಾಡಿನ ಪ್ರಜೆಯು ಪ್ರಭುತ್ವದ ಮುಖವನ್ನು ಕಾಣುತ್ತಿದ್ದುದು ಅರಮನೆಯಲ್ಲಲ್ಲ, ಈ ಬಾಗಿಲಲ್ಲಿ. ಕೋಟೆ ಕಟ್ಟಲಾರದ ಹಳ್ಳಿಗಳೂ ಒಂದು ಊರಬಾಗಿಲನ್ನೂ, ಏಣಿ ಹಾಕಿ ಹತ್ತುವ ಒಂದು ಹುಡೇವನ್ನೂ ಇಟ್ಟುಕೊಂಡು ದರೋಡೆಕಾರರನ್ನು ಎದುರಿಸುತ್ತಿದ್ದುವು.

ಚಿಕ್ಕದೇವರಾಜ ಒಡೆಯರು 1673ರಲ್ಲಿ ಪಟ್ಟವೇರಿದ ಕೆಲವೇ ವರ್ಷಗಳಲ್ಲಿ ಕಂದಿಕೆರೆ, ಹಂದನಕೆರೆ, ಚಿಕ್ಕನಾಯಕನಹಳ್ಳಿ, ಹೊನ್ನವಳ್ಳಿ, ತುರುವೇಕೆರೆಗಳು ಒಂದೊಂದಾಗಿ ಮೈಸೂರಿಗೆ ಸೇರಿದುವು. ಒಡೆಯರು ಬದಲಾದರೂ ಗೋಡೆಗಳ ಕೆಲಸ ಮುಗಿಯಲಿಲ್ಲ. ನಾಯಕರ ಕೋಟೆಗಳು ಮೈಸೂರಿನ ಉತ್ತರದ ಗಡಿಠಾಣ್ಯಗಳಾದುವು. 1761ರಲ್ಲಿ ಹೈದರಾಲಿಯು ಸಿರಾವನ್ನು ಪಡೆದ ಮೇಲೆ ಗಡಿ ಉತ್ತರಕ್ಕೆ ಸರಿಯಿತಾದರೂ ಮರಾಠರ ದಂಡಯಾತ್ರೆಗಳು ನಿಲ್ಲಲಿಲ್ಲ. 1791ರಲ್ಲಿ ಟಿಪ್ಪುವಿನ ಮೇಲೆ ದಂಡೆತ್ತಿ ಬಂದಿದ್ದ ಇಂಗ್ಲಿಷ್ ಸೇನಾಪತಿ ಕಾರ್ನ್‌ವಾಲಿಸನ ನೆರವಿಗೆಂದು ಶ್ರೀರಂಗಪಟ್ಟಣದ ಕಡೆಗೆ ಸಾಗುತ್ತಿದ್ದ ಮರಾಠಾ ಸರದಾರ ಪರಶುರಾಮ ಭಾವುವಿನ ಸೈನ್ಯವು ಚಿಕ್ಕನಾಯಕನಹಳ್ಳಿಯನ್ನು ಸೂರೆಗೊಂಡಿತು. ದರೋಡೆಯ ಗುಂಪನ್ನು ತಡೆಯಬಲ್ಲ ಗೋಡೆ ಮಹಾಸೈನ್ಯವನ್ನು ತಡೆಯಲಾರದೆ ಹೋಯಿತು. ಒಂಬತ್ತು ವರ್ಷಗಳ ಬಳಿಕ ಬುಕಾನನನು ಕಂಡಾಗಲೂ ಕೋಟೆಯೊಳಗೆ ಮನೆಗಳು ಜೀರ್ಣವಾಗಿದ್ದು, ಆವರಣವನ್ನೆಲ್ಲ ತುಂಬುವಷ್ಟಿರಲಿಲ್ಲ. ಆ ಖಾಲಿ ನಿವೇಶನಗಳ ಮೌನ ಇಂದಿಗೂ ಓದುಗನ ಮನಸ್ಸನ್ನು ಕಲಕುವಂಥದು.

1799ರಲ್ಲಿ ಟಿಪ್ಪುವಿನ ಪತನವಾದ ತರುವಾಯ ಗಡಿಯೇ ಇಲ್ಲವಾಯಿತು. ಮೆತ್ತುವವರಿಲ್ಲದೆ ಗೋಡೆ ಕರಗಿತು, ಅಗಳು ತುಂಬಿತು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ರೈಲುದಾರಿ ಬಂದು ತಿಪಟೂರಿನ ಕೊಬ್ಬರಿ ವ್ಯಾಪಾರ ಬೆಳೆಯಿತು. ಕಿಬ್ಬನಹಳ್ಳಿಯ ಕೂಡುದಾರಿಯಲ್ಲಿ ತೆಂಗಿನಕಾಯಿ ಹೊತ್ತ ಗಾಡಿಗಳು ಯಾವ ಬಾಗಿಲ ಮುಂದೆಯೂ ನಿಲ್ಲದೆ ನಾಲ್ಕು ದಿಕ್ಕಿಗೂ ಹೊರಟುಹೋದುವು.