ಬಡ್ತಿಯಿಲ್ಲದ ಪರೀಕ್ಷೆ

ಕೇಂದ್ರ ಸರ್ಕಾರದ ನೌಕರಿಯಲ್ಲಿರುವ ನಮ್ಮಂಥವರಿಗೆ ಪರೀಕ್ಷೆಯೆಂದರೆ ಇಲಾಖಾ ಪರೀಕ್ಷೆ. ಅದರಾಚೆ ಬಡ್ತಿ, ಬಡ್ತಿಯಾಚೆ ವೇತನಶ್ರೇಣಿ. ಇವೊಂದೂ ಇಲ್ಲದ ಪರೀಕ್ಷೆಗೆ ನಲವತ್ತು ದಾಟಿದವರು ಹಣ ಕಟ್ಟಿ, ಬಿದ್ದು ಮೊಣಕಾಲು ತರಚಿಕೊಂಡು ಸಿದ್ಧರಾಗುತ್ತಾರೆಂದರೆ ನಂಬುವುದು ಕಷ್ಟ. ದೆಹಲಿಯ ನಾವು ಕೆಲವು ಕುಟುಂಬದವರು ಒಂದು ಚಳಿಗಾಲದಲ್ಲಿ ಶಿಮ್ಲಾಕ್ಕೆ ಹೋಗಿದ್ದೆವು. 1920ರಲ್ಲಿ ಆರಂಭವಾದ ಅಲ್ಲಿನ ಬಯಲು ಸ್ಕೇಟಿಂಗ್ ಅಂಗಳಕ್ಕೆ ಮಕ್ಕಳನ್ನು ಇಳಿಸಿ, ಅವರ ಬೂಟುಗಳನ್ನು ಕಾಯುತ್ತ ಅಂಚಿನಲ್ಲಿ ನಿಂತೆವು. "ನಮ್ಮ ಕಾಲ ಮುಗಿಯಿತು" ಎಂದು ಯಾರೋ ಅಂದರು, ಎಲ್ಲರೂ ಒಪ್ಪಿದೆವು. ಫಿಗರ್ ಸ್ಕೇಟಿಂಗಿನ ಚರಿತ್ರೆಯನ್ನು ಓದಿದ ಮೇಲೆ, ಅಷ್ಟು ಸುಲಭವಾಗಿ ಒಪ್ಪಬಾರದಾಗಿತ್ತು ಎನ್ನಿಸಿದೆ.

ಈ ಆಟ ಆರಂಭದಲ್ಲಿ ದೊಡ್ಡವರದೇ ಆಗಿತ್ತು. 18ನೆಯ ಶತಮಾನದಲ್ಲಿ ಹುಟ್ಟಿದ ಎಡಿನ್‌ಬರೋ ಸ್ಕೇಟಿಂಗ್ ಕ್ಲಬ್ಬನ್ನು ಸೇರಬಯಸಿದವರು ಒಂದೊಂದೇ ಕಾಲಿನ ಮೇಲೆ ಪೂರ್ಣ ವೃತ್ತ ಸುತ್ತಬೇಕಿತ್ತು. ಬಳಿಕ ಒಂದು ಟೋಪಿಯ ಮೇಲೆ, ಆಮೇಲೆ ಎರಡರ, ಕೊನೆಗೆ ಮೂರು ಟೋಪಿಗಳ ಮೇಲೆ ಹಾರಬೇಕಿತ್ತು. ರೇಬರ್ನನ ಹೆಸರಿನಲ್ಲಿ ಪ್ರಸಿದ್ಧವಾದ, 1790ರ ದಶಕದ ಚಿತ್ರವೊಂದರಲ್ಲಿ ಪಾದ್ರಿ ರಾಬರ್ಟ್ ವಾಕರ್ ಕಪ್ಪು ನಿಲುವಂಗಿ ತೊಟ್ಟು, ಎದೆಯ ಮೇಲೆ ಕೈಕಟ್ಟಿ, ಹೆಪ್ಪುಗಟ್ಟಿದ ಸರೋವರದ ಮೇಲೆ ಒಂಟಿಕಾಲಿನಲ್ಲಿ ಜಾರುತ್ತಿದ್ದಾನೆ. ಆಗ ಅವನಿಗೆ ಸುಮಾರು ನಲವತ್ತು. ಮುಖದಲ್ಲಿ ನಾಚಿಕೆಯ ಸುಳಿವಿಲ್ಲ.

ಆದರೆ ಆ ಟೋಪಿಗಳ ಪರೀಕ್ಷೆಯನ್ನು ಬರಿದೇ ಹೊಗಳುವಂತಿಲ್ಲ. ಅದು ಸಿರಿವಂತ ಗಂಡಸರ ಕೂಟವೊಂದರ ಬಾಗಿಲು. ಪರೀಕ್ಷೆ ಬಾಗಿಲಾಗಿರುವುದನ್ನು ಬಿಟ್ಟು ಏಣಿಯಾದದ್ದು ಇಂಗ್ಲೆಂಡಿನಲ್ಲಿ. 1879ರಲ್ಲಿ ಕೇಂಬ್ರಿಜ್‌ನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಸ್ಕೇಟಿಂಗ್ ಸಂಘವು ಮೂರನೆಯ, ಎರಡನೆಯ, ಮೊದಲನೆಯ ದರ್ಜೆಗಳೆಂಬ ಪರೀಕ್ಷೆಗಳನ್ನು ರೂಪಿಸಿತು. ಸ್ಕೇಟಿನ ಅಲಗಿಗೆ ಒಳ ಅಂಚು, ಹೊರ ಅಂಚು ಎಂದು ಎರಡುಂಟು. ಬೇಕಾದ ಅಂಚಿನ ಮೇಲಷ್ಟೇ ನಿಂತು ಎಂಟರ ಆಕಾರದ ವೃತ್ತಗಳನ್ನು ಬರೆಯುವುದು, ಬರೆದ ಗೆರೆಯ ಮೇಲೆಯೇ ಮತ್ತೆ ಜಾರುವುದು ಈ ವಿದ್ಯೆಯ ತಿರುಳು. ತೀರ್ಪುಗಾರರು ಬಗ್ಗಿ ಹಿಮದ ಮೇಲಿನ ಗೆರೆಯನ್ನೇ ಓದುತ್ತಿದ್ದರು. ಇಲ್ಲಿ ಎದುರಾಳಿಯಿಲ್ಲ, ತಾನು ಬರೆದ ಗೆರೆಗೆ ತಾನೇ ಉತ್ತರ ಹೇಳಬೇಕು.

1892ರಲ್ಲಿ ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ ಹುಟ್ಟಿತು. 1896ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಮೊದಲ ವಿಶ್ವ ಸ್ಪರ್ಧೆ ನಡೆಯಿತು. 1902ರಲ್ಲಿ ಮ್ಯಾಡ್ಜ್ ಸೈಯರ್ಸ್ ಎಂಬ ಇಂಗ್ಲಿಷ್ ಮಹಿಳೆ ಆ ಸ್ಪರ್ಧೆಗೆ ಹೆಸರು ಕೊಟ್ಟರು. ಹೆಂಗಸರು ಬರಬಾರದೆಂದು ನಿಯಮದಲ್ಲಿ ಎಲ್ಲಿಯೂ ಬರೆದಿರಲಿಲ್ಲ. ಕಡತಗಳ ನಡುವೆ ಬಾಳುವ ನಮಗೆ ಈ ಉಪಾಯದ ರುಚಿ ಚೆನ್ನಾಗಿ ಗೊತ್ತು. ಅವರು ಎರಡನೆಯವರಾಗಿ ಬಂದರು. ಮರುವರ್ಷವೇ ಒಕ್ಕೂಟ ನಿಯಮ ಬರೆದು ಬಾಗಿಲು ಮುಚ್ಚಿತು. ಮಹಿಳೆಯರಿಗೆ ಪ್ರತ್ಯೇಕ ಸ್ಪರ್ಧೆ ದೊರೆತದ್ದು 1906ರಲ್ಲಿ. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮ್ಯಾಡ್ಜ್ 27ನೆಯ ವಯಸ್ಸಿನಲ್ಲಿ ಚಿನ್ನ ಗೆದ್ದರು. ಜೋಡಿ ಸ್ಪರ್ಧೆಯಲ್ಲಿ ಅವರೊಡನೆ ಕಂಚು ಪಡೆದ ಪತಿ ಎಡ್ಗರ್‌ಗೆ ಆಗ 45.

ಮುಂದೆ ಆಟ ಕಿರಿಯರ ಕೈಸೇರಿತು. 1924ರ ಚಳಿಗಾಲದ ಒಲಿಂಪಿಕ್ಸ್‌ಗೆ ಬಂದ ಸೋನ್ಯಾ ಹೆನಿಗೆ 11 ವರ್ಷ. 1998ರಲ್ಲಿ ಚಿನ್ನ ಗೆದ್ದ ತಾರಾ ಲಿಪಿನ್ಸ್ಕಿಗೆ 15. ಗೆರೆ ಬರೆಯುವ ನಿಧಾನದ ವಿದ್ಯೆ ದೂರದರ್ಶನಕ್ಕೆ ಒಗ್ಗಲಿಲ್ಲ. ಅದರ ಅಂಕಗಳ ಪಾಲು ಕಡಿಮೆಯಾಗುತ್ತ ಬಂದು, 1990ರ ಬಳಿಕ ವಿಶ್ವ ಸ್ಪರ್ಧೆಯಿಂದಲೇ ಅದು ಮರೆಯಾಯಿತು. ಉಳಿದದ್ದು ಜಿಗಿತ; ಜಿಗಿತಕ್ಕೆ ಬೇಕಾದದ್ದು ಹಗುರವಾದ ಎಳೆಯ ದೇಹ. ಮಕ್ಕಳ ಮೇಲಿನ ಒತ್ತಡ ಎಷ್ಟಾಯಿತೆಂದರೆ, ಹಿರಿಯರ ವಿಭಾಗದ ಕನಿಷ್ಠ ವಯಸ್ಸನ್ನು 15ರಿಂದ 17ಕ್ಕೆ ಏರಿಸಲು 2022ರಲ್ಲಿ ಒಕ್ಕೂಟ ತೀರ್ಮಾನಿಸಬೇಕಾಯಿತು.

ದೊಡ್ಡವರು ಮರಳಿ ಬಂದದ್ದು ಈ ಹೊತ್ತಿನಲ್ಲಿಯೇ. 1995ರಲ್ಲಿ ಅಮೆರಿಕದ ವಿಲ್ಮಿಂಗ್ಟನ್ನಿನಲ್ಲಿ ವಯಸ್ಕರ ಮೊದಲ ರಾಷ್ಟ್ರೀಯ ಸ್ಪರ್ಧೆ ನಡೆಯಿತು. 2005ರಿಂದ ಜರ್ಮನಿಯ ಓಬರ್ಸ್ಟ್‌ಡಾರ್ಫ್‌ನಲ್ಲಿ 28 ದಾಟಿದವರ ಅಂತರರಾಷ್ಟ್ರೀಯ ಕೂಟ ನಡೆದುಬಂದಿದೆ. ಅಮೆರಿಕದಲ್ಲಿ ವಯಸ್ಕರ ಪರೀಕ್ಷೆಗೆ ಪೂರ್ವಕಂಚು, ಕಂಚು, ಬೆಳ್ಳಿ, ಚಿನ್ನ ಎಂಬ ಮೆಟ್ಟಿಲುಗಳಿವೆ. ಮುಂದಕ್ಕೆ, ಹಿಂದಕ್ಕೆ ಜಾರುವುದು, ಅಂಚಿನ ಮೇಲೆ ಕಮಾನು ಬರೆಯುವುದು, ಅರ್ಧ ಸುತ್ತಿನ ವಾಲ್ಟ್ಜ್ ಜಿಗಿತ, ಹೀಗೆ ವಿದ್ಯೆ ಏರುತ್ತದೆ. ಒಂದೂವರೆ ಸುತ್ತಿನ ಆಕ್ಸೆಲ್ ಜಿಗಿತಕ್ಕೆ ಅನೇಕರಿಗೆ ವರ್ಷಗಳೇ ಹಿಡಿಯುತ್ತವೆ. ಕೆಲವರಿಗೆ ಅದು ಒಲಿಯುವುದೇ ಇಲ್ಲ. ಮೂಳೆ ಮುರಿದರೆ ಕೂಡುವುದೂ ತಡ. ಮೊದಲ ಪಾಠವೇ ಬೀಳುವುದು ಹೇಗೆ ಎಂಬುದು.

ಅಲ್ಲಿನ ಫಲಿತಾಂಶದ ಹಾಳೆಯಲ್ಲಿ ಅನುತ್ತೀರ್ಣ ಎಂಬ ಮಾತಿಲ್ಲ. ಒಂದೋ ತೇರ್ಗಡೆ, ಇಲ್ಲವೇ 'ಮತ್ತೆ ಪ್ರಯತ್ನಿಸಿ'. ಇಪ್ಪತ್ತು ವರ್ಷ ಇಲಾಖಾ ಪರೀಕ್ಷೆಗಳ ಫಲಿತಾಂಶ ನೋಡಿದ ನಮಗೆ ಈ ಒಂದು ಮಾತು ಸಾಕಷ್ಟು ಹೊತ್ತು ಮನಸ್ಸಿನಲ್ಲಿ ನಿಂತಿತು. ಮಕ್ಕಳಿಗೆ ಈ ಪರೀಕ್ಷೆ ಪದಕದ ದಾರಿಯಾದೀತು. ನಲವತ್ತರಲ್ಲಿ ಬರೆಯುವವರಿಗೆ ಅದರಿಂದ ದೊರೆಯುವುದು, ಕಳೆದ ವರ್ಷ ಬಾರದಿದ್ದ ಗೆರೆಯೊಂದು ಈ ವರ್ಷ ಬಂದಿತೆಂಬ ಸಾಕ್ಷಿ ಮಾತ್ರ. ನಮ್ಮ ಸೇವಾ ಪುಸ್ತಕದಲ್ಲಿ ಅದಕ್ಕೊಂದು ಅಂಕಣವಿಲ್ಲ.

ಬರುವ ಜನವರಿಯಲ್ಲಿ ಮತ್ತೆ ಶಿಮ್ಲಾಕ್ಕೆ ಹೋಗುವ ಮಾತಿದೆ. ಈ ಸಲ ಬೂಟು ಕಾಯಲು ಬೇರೆ ಯಾರನ್ನಾದರೂ ಹುಡುಕಬೇಕಾದೀತು.