ಪ್ಯಾರಿಸ್ ಕಿರುಪ್ರವಾಸ: ಬ್ರಿಟನ್ನಿನಲ್ಲಿ ಅದರ ಇತಿಹಾಸ

ಬ್ರಿಟನ್ನಿನವರು ರಜೆಯ ನಾಲ್ಕಾರು ದಿನಗಳಲ್ಲಿ ಪ್ಯಾರಿಸ್ಸಿಗೆ ಹೋಗಿ, ಊರು ನೋಡಿ ಮರಳುವ ರೂಢಿ 19ನೆಯ ಶತಮಾನದ ನಡುವೆ ಬೇರೂರಿತು. ಇದರ ಆರಂಭವನ್ನು ಇಂಗ್ಲಿಷ್ ಪ್ರವಾಸ ಆಯೋಜಕ ಥಾಮಸ್ ಕುಕ್ 1855ರಲ್ಲಿ ನಡೆಸಿದ ಪ್ರವಾಸಕ್ಕೆ ಕಟ್ಟುವುದು ವಾಡಿಕೆ. ಆದರೆ ಆ ಪ್ರವಾಸದ ಮಾರ್ಗವನ್ನು ಗಮನಿಸಿದರೆ ಅದನ್ನು ಕಿರುಪ್ರವಾಸ ಎನ್ನಲು ಬರುವುದಿಲ್ಲ. 1861ನೆಯ ವರ್ಷವೇ ಹೆಚ್ಚು ಒಪ್ಪುವ ಗಡಿ.

ಪೂರ್ವಕಾಲ. 18ನೆಯ ಶತಮಾನದಲ್ಲಿ ಪ್ಯಾರಿಸ್ ನೋಡುವುದು ಸಿರಿವಂತರ ತಿಂಗಳುಗಟ್ಟಲೆಯ ಯೂರೋಪ್ ಸಂಚಾರದ ಒಂದು ಭಾಗವಾಗಿತ್ತು. ಬ್ರಿಟನ್–ಫ್ರಾನ್ಸ್ ಯುದ್ಧವನ್ನು ನಿಲ್ಲಿಸಿದ 1802ರ ಆಮಿಯೆನ್ ಒಪ್ಪಂದದ ನಂತರ, ಮತ್ತೆ 1814ರಲ್ಲಿ ನೆಪೋಲಿಯನ್ ಪದಚ್ಯುತನಾದ ನಂತರ, ಬ್ರಿಟಿಷರು ಗುಂಪುಗುಂಪಾಗಿ ಹೋದರು. ಲೂವ್ರ್‌ನಲ್ಲಿ ಆಗ ನೆಪೋಲಿಯನ್ನನ ಸೇನೆಗಳು ಇಟಲಿಯಿಂದ ಕೊಳ್ಳೆಹೊಡೆದು ತಂದ ಕಲಾಕೃತಿಗಳಿದ್ದವು. ಹೋಗುವುದಕ್ಕೇ ಮೂರು ದಿನವಾದರೂ ಹಿಡಿಯುತ್ತಿದ್ದುದರಿಂದ ಒಂದು ವಾರದ ರಜೆ ಸಾಲುತ್ತಿರಲಿಲ್ಲ. ಲಂಡನ್ನಿನಿಂದ ಫೋಕ್‌ಸ್ಟನ್‌ಗೆ 1843ರಲ್ಲಿ, ಫ್ರಾನ್ಸಿನ ಕರಾವಳಿಯ ಬುಲೋನ್‌ನಿಂದ ಆಮಿಯೆನ್ ಮೂಲಕ ಪ್ಯಾರಿಸ್ಸಿಗೆ 1848ರಲ್ಲಿ ರೈಲು ಬಂತು. ಆಮೇಲೆ ಈ ಪಯಣ ಸುಮಾರು ಹನ್ನೆರಡು ಗಂಟೆಗೆ ಇಳಿಯಿತು.

ಮೊದಲಿಗರ ಪ್ರಶ್ನೆ. ಕುಕ್‌ಗಿಂತ ಮೊದಲೇ, 1844ರಲ್ಲಿ, ಸೌತಾಂಪ್ಟನ್ನಿನ ಹೆನ್ರಿ ಗೇಜ್ ಒಂದು ತಂಡವನ್ನು ಪ್ಯಾರಿಸ್ಸಿಗೆ ಕರೆದೊಯ್ದನೆಂಬ ಹೇಳಿಕೆ ಇದೆ. ಅದು ನಿಜವೆಂದು ಒಪ್ಪಿದರೂ, ಫ್ರಾನ್ಸಿನ ಕರಾವಳಿಯಿಂದ ಪ್ಯಾರಿಸ್‌ವರೆಗೆ ಪೂರ್ತಿ ರೈಲುಮಾರ್ಗ ಆಗಿನ್ನೂ ಇರಲಿಲ್ಲ ಎಂಬುದನ್ನು ನೆನಪಿಡಬೇಕು.

ಪ್ಯಾರಿಸ್ಸಿನಲ್ಲಿ 1855ರಲ್ಲಿ ಅಂತರರಾಷ್ಟ್ರೀಯ ವಸ್ತುಪ್ರದರ್ಶನ ನಡೆಯಿತು. ಇಂಗ್ಲಿಷ್ ಕಡಲ್ಗಾಲುವೆಯ ನೇರ ಮಾರ್ಗಗಳನ್ನು ನಡೆಸುತ್ತಿದ್ದ ಕಂಪನಿಗಳು ಕುಕ್‌ಗೆ ರಿಯಾಯಿತಿ ಕೊಡಲು ಒಪ್ಪಲಿಲ್ಲ. ಹಾಗಾಗಿ ಅವನು ತನ್ನ ತಂಡವನ್ನು ಹಾರಿಚ್‌ನಿಂದ ಆಂಟ್ವರ್ಪ್‌ಗೆ ದಾಟಿಸಿ, ಬ್ರಸೆಲ್ಸ್, ಕಲೋನ್, ರೈನ್ ನದಿ, ಸ್ಟ್ರಾಸ್‌ಬರ್ಗ್ ಸುತ್ತಿಸಿ ಪ್ಯಾರಿಸ್ಸಿಗೆ ತಂದ. ಇದು ಅವನ ಮೊದಲ ಯೂರೋಪ್ ಪ್ರವಾಸ ಎಂಬುದರಲ್ಲಿ ಸಂದೇಹವಿಲ್ಲ, ಆದರೆ ಪ್ಯಾರಿಸ್ ಅದರ ಒಂದು ತಂಗುದಾಣ ಮಾತ್ರ.

ಬದಲಾವಣೆಗೆ ದಾರಿ ಮಾಡಿದ್ದು ಒಂದು ಸರ್ಕಾರಿ ಆಜ್ಞೆ. ಫ್ರಾನ್ಸಿಗೆ ಬರಲು ಬ್ರಿಟಿಷ್ ಪ್ರಜೆಗಳಿಗೆ ಇನ್ನು ಪಾಸ್‌ಪೋರ್ಟ್ ಬೇಕಿಲ್ಲವೆಂದು ಅಲ್ಲಿನ ಚಕ್ರವರ್ತಿ ಮೂರನೆಯ ನೆಪೋಲಿಯನ್ 1860ರ ಡಿಸೆಂಬರ್‌ನಲ್ಲಿ ಸಾರಿದ. ಅದರಿಂದ ಕಾಗದಪತ್ರದ ಖರ್ಚು, ಅಲೆದಾಟ ಎರಡೂ ತಪ್ಪಿದವು. ಮರುವರ್ಷ ಪೆಂಟಕಾಸ್ಟ್ ಹಬ್ಬದ ರಜೆಯಲ್ಲಿ ಕುಕ್ ಕಾರ್ಮಿಕರ ಪ್ಯಾರಿಸ್ ಪ್ರವಾಸ ಏರ್ಪಡಿಸಿದ. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ವಿನ್ಯಾಸಗೊಳಿಸಿದ ಜೋಸೆಫ್ ಪ್ಯಾಕ್ಸ್‌ಟನ್ ಇದಕ್ಕೆ ಬೆಂಬಲವಾಗಿದ್ದ. ಹೋದವರ ಸಂಖ್ಯೆ 1,600ರಿಂದ 1,700ರ ನಡುವೆ ಎನ್ನಲಾಗುತ್ತದೆ. ಕುಕ್‌ಗೆ ಇದರಲ್ಲಿ ನಷ್ಟವಾಯಿತು. ಆದರೂ ನೇರ ಮಾರ್ಗ, ನಿಗದಿತ ದರ, ಸಣ್ಣ ರಜೆ, ದುಡಿಯುವ ವರ್ಗ ಈ ನಾಲ್ಕೂ ಇದರಲ್ಲಿ ಕೂಡಿಬಂದವು.

ನೋಟಗಳು. ಲೂವ್ರ್, ನೋತ್ರ್ ದಾಮ್, ವರ್ಸೇಲ್ಸ್ ಪ್ರವಾಸಿಗಳ ಎಲ್ಲ ಪಟ್ಟಿಗಳಲ್ಲೂ ಇದ್ದವು. ಈಗ ಮರೆತುಹೋಗಿರುವುದು ನೋತ್ರ್ ದಾಮ್ ಹಿಂಬದಿಯ ಶವಾಗಾರ. ಗುರುತು ಸಿಗದ ಹೆಣಗಳನ್ನು ಗಾಜಿನ ಹಿಂದೆ ಇಟ್ಟು ಸಾರ್ವಜನಿಕರಿಗೆ ತೋರಿಸುತ್ತಿದ್ದ ಈ ಜಾಗಕ್ಕೆ ವಿದೇಶಿ ಪ್ರವಾಸಿಗಳೂ ಬರುತ್ತಿದ್ದರು. 1907ರಲ್ಲಿ ಪ್ರದರ್ಶನ ನಿಂತಿತು. ನಗರದ ಚರಂಡಿ ಸುರಂಗಗಳನ್ನು ತೋರಿಸುವ ವ್ಯವಸ್ಥೆ 1867ರ ವಸ್ತುಪ್ರದರ್ಶನದ ಹೊತ್ತಿಗೆ ಶುರುವಾಗಿ ಇಂದಿಗೂ ವಸ್ತುಸಂಗ್ರಹಾಲಯದ ರೂಪದಲ್ಲಿ ಉಳಿದಿದೆ. ಐಫೆಲ್ ಗೋಪುರ 1889ರಲ್ಲಿ ಈ ಪಟ್ಟಿಗೆ ಸೇರಿತು.

20ನೆಯ ಶತಮಾನ. ಲಂಡನ್–ಪ್ಯಾರಿಸ್ ನಡುವೆ ನಿತ್ಯದ ವಿಮಾನ ಸಂಚಾರ 1919ರ ಆಗಸ್ಟ್‌ನಲ್ಲಿ ಆರಂಭವಾಯಿತು. ಆದರೆ ಮೊದಲ ಮಹಾಯುದ್ಧ ಪಾಸ್‌ಪೋರ್ಟನ್ನು ಮರಳಿ ತಂದಿತ್ತು. ಎರಡನೆಯದರ ನಂತರ ವಿದೇಶಿ ವಿನಿಮಯದ ಕೊರತೆ ಹೊಸ ತಡೆಯಾಯಿತು. 1966ರಿಂದ 1970ರ ಆರಂಭದವರೆಗೆ ಬ್ರಿಟಿಷ್ ಪ್ರವಾಸಿ ವಿದೇಶದ ಖರ್ಚಿಗೆ ವರ್ಷಕ್ಕೆ ಪಡೆಯಬಹುದಾಗಿದ್ದ ವಿನಿಮಯದ ಮಿತಿ 50 ಪೌಂಡ್. ಕಡಿಮೆ ದಿನದ, ಕಡಿಮೆ ಖರ್ಚಿನ ಪ್ರವಾಸಕ್ಕೆ ಈ ಮಿತಿ ಅಷ್ಟಾಗಿ ಅಡ್ಡಿಯಾಗುತ್ತಿರಲಿಲ್ಲ.

ಸುರಂಗದ ನಂತರ. ಇಂಗ್ಲಿಷ್ ಕಡಲ್ಗಾಲುವೆಯ ಅಡಿಯ ಸುರಂಗದಲ್ಲಿ 1994ರ ನವೆಂಬರ್‌ನಿಂದ ಯೂರೋಸ್ಟಾರ್ ರೈಲು ಓಡತೊಡಗಿತು. 2007ರಲ್ಲಿ ಪಯಣ ಎರಡೂಕಾಲು ಗಂಟೆಗೆ ಇಳಿದು, ಬೆಳಗ್ಗೆ ಹೋಗಿ ರಾತ್ರಿ ಮರಳುವುದು ಇನ್ನಷ್ಟು ಸುಲಭವಾಯಿತು. ವಾಸದ ಮನೆಗಳನ್ನು ಪ್ರವಾಸಿಗಳಿಗೆ ದಿನಬಾಡಿಗೆಗೆ ಕೊಡುವುದು ಹೆಚ್ಚಿದಂತೆ ಅಡ್ಡಿ ಹಾಕುವ ಸರದಿ ಆತಿಥೇಯ ನಗರದ್ದಾಯಿತು. ಹೀಗೆ ಕೊಡುವವರಿಗೆ 2017ರಲ್ಲಿ ನೋಂದಣಿ ಕಡ್ಡಾಯವಾಯಿತು. ಮಾಲೀಕರು ತಾವು ವಾಸವಿರುವ ಮನೆಯನ್ನು ಬಾಡಿಗೆಗೆ ಕೊಡಬಹುದಾದ ಅವಧಿಯನ್ನು 2025ರಿಂದ ವರ್ಷಕ್ಕೆ 120 ದಿನದಿಂದ 90ಕ್ಕೆ ಇಳಿಸಲಾಯಿತು.

ಗಡಿಯ ನಿಯಮಗಳೂ ಮತ್ತೆ ಬಿಗಿಯಾಗಿವೆ. ಬ್ರಿಟನ್ ಯೂರೋಪಿಯನ್ ಒಕ್ಕೂಟ ಬಿಟ್ಟ ಮೇಲೆ ಬ್ರಿಟಿಷ್ ಪ್ರಜೆಗಳ ಪಾಸ್‌ಪೋರ್ಟಿಗೆ ಮುದ್ರೆ ಬೀಳತೊಡಗಿತು. 2025ರ ಅಕ್ಟೋಬರ್‌ನಿಂದ ಬೆರಳಚ್ಚು ಮತ್ತು ಭಾವಚಿತ್ರ ದಾಖಲಿಸುವ ವ್ಯವಸ್ಥೆ ಹಂತಹಂತವಾಗಿ ಜಾರಿಗೆ ಬಂದಿದೆ. ಯೂರೋಪಿಯನ್ ಆರ್ಥಿಕ ವಲಯದ ಹೊರಗಿನವರಿಗೆ ಲೂವ್ರ್ ಪ್ರವೇಶದರ 2026ರ ಜನವರಿಯಲ್ಲಿ 22 ಯೂರೋದಿಂದ 32ಕ್ಕೆ ಏರಿತು. ಭಾರತದಿಂದ ಹೋದವರಂತೆ ಬ್ರಿಟನ್ನಿನ ಪ್ರವಾಸಿಗಳೂ ಈಗ ಈ ಹೆಚ್ಚಿನ ದರವನ್ನೇ ತೆರುತ್ತಾರೆ.